ಪರದೆಯ ಮೇಲಿನ ಪ್ರಯೋಗಾಲಯ: ಕಾಣುವುದೇನು, ಮರೆಯಾಗುವುದೇನು?

ವಿಜ್ಞಾನ ಬೋಧನೆಗೆ ನೆರವಾಗುವ ಸಾಮಗ್ರಿ ಅಂತರಜಾಲದಲ್ಲಿ ಇಂದು ಹೇರಳವಾಗಿ ದೊರೆಯುತ್ತದೆ. ವಿಡಿಯೋ ಪಾಠಗಳು, ಅನಿಮೇಷನ್‌ಗಳು, ಇ-ಪುಸ್ತಕಗಳು, ಪ್ರಶ್ನೆಪತ್ರಿಕೆಗಳು ಎಲ್ಲವೂ ಇವೆ. ಇವುಗಳ ಪಟ್ಟಿ ಕೊಡುವ ಲೇಖನಗಳಿಗೂ ಕೊರತೆಯಿಲ್ಲ. ಆದರೆ ಒಂದು ಪಠ್ಯಪುಸ್ತಕವನ್ನು ವಿಮರ್ಶಿಸುವಷ್ಟು ಎಚ್ಚರದಿಂದ ಈ ಸಾಮಗ್ರಿಯನ್ನು ಒರೆಗೆ ಹಚ್ಚುವುದು ಮಾತ್ರ ಅಪರೂಪ. ಪುಸ್ತಕದಲ್ಲಿ ತಪ್ಪು ಚಿತ್ರವಿದ್ದರೆ ನಾವು ಪತ್ರ ಬರೆಯುತ್ತೇವೆ. ಪರದೆಯ ಮೇಲೆ ಓಡುವ ಚಿತ್ರವನ್ನು ಹಾಗೆಯೇ ನಂಬಿಬಿಡುತ್ತೇವೆ.

ಇದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಪರದೆಯ ಮೇಲಿನ ಪ್ರಯೋಗ ಅನಿವಾರ್ಯವಾಗಿತ್ತು. ಶಾಲೆಗಳು ತೆರೆದ ಮೇಲೂ ಆ ಅಭ್ಯಾಸ ಕೆಲವೆಡೆ ಉಳಿದುಕೊಂಡಿದೆ. ಪ್ರೊಜೆಕ್ಟರ್‌ನಲ್ಲಿ ಹತ್ತು ನಿಮಿಷ ತೋರಿಸಿ ಪ್ರಯೋಗ ಮುಗಿಯಿತೆಂದು ದಾಖಲೆ ಪುಸ್ತಕದಲ್ಲಿ ಬರೆದರೆ, ಪ್ರಯೋಗಾಲಯದ ಕಪಾಟಿನ ಬೀಗ ತೆಗೆಯುವ ಪ್ರಮೇಯವೇ ಬರುವುದಿಲ್ಲ. ಇದರ ಪರಿಣಾಮ ಪದವಿ ತರಗತಿಯಲ್ಲಿ ಎದ್ದು ಕಾಣುತ್ತದೆ. ಓಮ್ ನಿಯಮದ ಲೆಕ್ಕವನ್ನು ಸರಾಗವಾಗಿ ಮಾಡುವ ವಿದ್ಯಾರ್ಥಿ, ಮಲ್ಟಿಮೀಟರ್‌ನಿಂದ ಪ್ರವಾಹ ಅಳೆಯಬೇಕಾದರೆ ಮಂಡಲವನ್ನು ಬಿಡಿಸಿ ಅದನ್ನು ನಡುವೆ ಸೇರಿಸಬೇಕು ಎಂಬುದನ್ನು ಅರಿತಿರುವುದಿಲ್ಲ.

ಹಾಗೆಂದು ಪರದೆಯನ್ನು ದೂರವಿಡಬೇಕೆಂದು ನಾನು ಹೇಳುತ್ತಿಲ್ಲ. ಪರದೆ ಯಾವ ಕೆಲಸಕ್ಕೆ ಸರಿ, ಯಾವುದಕ್ಕೆ ಸಲ್ಲದು ಎಂಬುದನ್ನು ಶಿಕ್ಷಕರು ವಿವೇಚಿಸಬೇಕು. ಅದಕ್ಕಾಗಿ ಭೌತವಿಜ್ಞಾನ ಶಿಕ್ಷಕರಲ್ಲಿ ಹೆಚ್ಚು ಪರಿಚಿತವಾಗಿರುವ ಒಂದು ಜಾಲತಾಣವನ್ನು ಇಲ್ಲಿ ಸ್ವಲ್ಪ ವಿವರವಾಗಿ ಪರಿಶೀಲಿಸೋಣ. ಅದರ ಹೆಸರು 'ಫೆಟ್'.

ಫೆಟ್ ಬೆಳೆದು ಬಂದ ಬಗೆ

ಫೆಟ್ ಎಂಬುದು 'ಭೌತವಿಜ್ಞಾನ ಶಿಕ್ಷಣ ತಂತ್ರಜ್ಞಾನ' ಎಂಬರ್ಥದ ಇಂಗ್ಲಿಷ್ ಹೆಸರಿನ ಹ್ರಸ್ವರೂಪ. ಅಮೆರಿಕದ ಬೋಲ್ಡರ್‌ನಲ್ಲಿರುವ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ವೀಮನ್ ಇದನ್ನು 2002ರಲ್ಲಿ ಆರಂಭಿಸಿದರು. ಬೋಸ್-ಐನ್‌ಸ್ಟೈನ್ ಸಾಂದ್ರಿತವನ್ನು ಪಡೆದದ್ದಕ್ಕಾಗಿ ಎರಿಕ್ ಕಾರ್ನೆಲ್ ಮತ್ತು ವುಲ್ಫ್‌ಗ್ಯಾಂಗ್ ಕೆಟರ್ಲೆ ಅವರೊಂದಿಗೆ 2001ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ವಿಜ್ಞಾನಿ ಇವರು. ಅಂಥವರು ಶಾಲಾ ಕಾಲೇಜುಗಳ ಬೋಧನೆಯನ್ನೇ ಸಂಶೋಧನೆಯ ವಿಷಯವಾಗಿ ಕೈಗೆತ್ತಿಕೊಂಡದ್ದು ಗಮನಿಸಬೇಕಾದ ಸಂಗತಿ.

ಫೆಟ್‌ನಲ್ಲಿ ಇರುವುದು ವಿಡಿಯೋಗಳಲ್ಲ, ಸಿಮ್ಯುಲೇಷನ್‌ಗಳು. ಅಂದರೆ ನೋಡುವವನೇ ನಡೆಸುವ ಕೃತಕ ಪ್ರಯೋಗಗಳು. ವಿಡಿಯೋ ಎಷ್ಟು ಸಲ ನೋಡಿದರೂ ಒಂದೇ ರೀತಿ ಓಡುತ್ತದೆ. ಇಲ್ಲಿ ಹಾಗಲ್ಲ. ತಂತಿಯನ್ನು ಉದ್ದ ಮಾಡಿದರೆ, ಬ್ಯಾಟರಿಯನ್ನು ತಿರುಗಿಸಿದರೆ, ಘರ್ಷಣೆಯನ್ನು ಹೆಚ್ಚಿಸಿದರೆ ಏನಾಗುತ್ತದೆ ಎಂಬುದನ್ನು ಗಣಕವು ಸಮೀಕರಣಗಳ ಮೂಲಕ ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ತೋರಿಸುತ್ತದೆ. 'ಹೀಗೆ ಮಾಡಿದರೆ?' ಎಂದು ಮಗು ಕೇಳಿದರೆ 'ಮಾಡಿ ನೋಡು' ಎಂದು ಶಿಕ್ಷಕರು ಉತ್ತರಿಸಬಹುದು. ಇದೇ ಅದರ ಮುಖ್ಯ ಗುಣ.

ಇನ್ನೊಂದು ಗುಣವನ್ನೂ ಹೇಳಬೇಕು. ಆರಂಭದ ಸಿಮ್ಯುಲೇಷನ್‌ಗಳು ಜಾವಾ ಮತ್ತು ಫ್ಲ್ಯಾಶ್ ತಂತ್ರಾಂಶಗಳಲ್ಲಿದ್ದವು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ನೀಡುತ್ತಿದ್ದ ಬೆಂಬಲವನ್ನು ಅಡೋಬಿ ಸಂಸ್ಥೆ ನಿಲ್ಲಿಸಿದಾಗ, ಜಗತ್ತಿನಾದ್ಯಂತ ಅಸಂಖ್ಯ ಅನಿಮೇಷನ್ ಪಾಠಗಳು ಒಮ್ಮೆಗೇ ನಿರುಪಯುಕ್ತವಾದವು. ಶ್ರಮಪಟ್ಟು ಸಿ.ಡಿ.ಗಳಲ್ಲಿ ಸಂಗ್ರಹಿಸಿಟ್ಟ ಶಿಕ್ಷಕರ ಪಾಡು ಹೇಳತೀರದು. ಫೆಟ್ ತಂಡ ಅದಕ್ಕೆ ಎಷ್ಟೋ ಮೊದಲೇ ಎಚ್‌ಟಿಎಂಎಲ್ 5ಕ್ಕೆ ಬದಲಾಗತೊಡಗಿತ್ತು. ಹೀಗಾಗಿ ಇಂದು ಅವು ಸಾಧಾರಣ ಮೊಬೈಲ್‌ನಲ್ಲೂ ಓಡುತ್ತವೆ. ಕಡತವನ್ನು ಒಮ್ಮೆ ಇಳಿಸಿಕೊಂಡರೆ ಅಂತರಜಾಲ ಸಂಪರ್ಕವಿಲ್ಲದ ಶಾಲೆಯಲ್ಲೂ ಬಳಸಬಹುದು. ಯಾವುದೇ ಸಾಮಗ್ರಿಯನ್ನು ಆಯ್ದುಕೊಳ್ಳುವಾಗ, ಐದು ವರ್ಷಗಳ ನಂತರವೂ ಇದು ತೆರೆದೀತೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ವಿದ್ಯುನ್ಮಂಡಲ: ಪರದೆ ಗೆಲ್ಲುವ ಕಡೆ

ಫೆಟ್‌ನ ಅತ್ಯುತ್ತಮ ಸಿಮ್ಯುಲೇಷನ್‌ಗಳಲ್ಲಿ ನೇರ ವಿದ್ಯುತ್ತಿನ ಮಂಡಲ ಜೋಡಿಸುವ ಕಿಟ್ ಒಂದು. ತಂತಿ, ಬ್ಯಾಟರಿ, ಬಲ್ಬ್, ರೋಧಕ, ಸ್ವಿಚ್, ಅಮ್ಮೀಟರ್, ವೋಲ್ಟ್‌ಮೀಟರ್ ಎಲ್ಲವೂ ಅಲ್ಲಿವೆ. ಜೋಡಿಸಿದ ಕೂಡಲೇ ತಂತಿಯೊಳಗೆ ಎಲೆಕ್ಟ್ರಾನ್‌ಗಳು ಸಾಲಾಗಿ ಚಲಿಸುವುದು ಕಾಣುತ್ತದೆ.

ಎರಡು ಬಲ್ಬ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ? ಬ್ಯಾಟರಿಗೆ ಹತ್ತಿರವಿರುವ ಬಲ್ಬ್ ಎಂದು ಬಹಳಷ್ಟು ಮಕ್ಕಳು ಹೇಳುತ್ತಾರೆ. ಮೊದಲ ಬಲ್ಬ್ ಒಂದಷ್ಟು 'ಕರೆಂಟ್' ಖರ್ಚು ಮಾಡಿ ಉಳಿದದ್ದನ್ನು ಮುಂದೆ ಕಳಿಸುತ್ತದೆ ಎಂಬುದು ಅವರ ಕಲ್ಪನೆ. ನಮ್ಮ ಆಡುಮಾತೂ ಈ ಗೊಂದಲಕ್ಕೆ ನೀರೆರೆಯುತ್ತದೆ. ಕರೆಂಟ್ ಹೋಯಿತು, ಕರೆಂಟ್ ಹೊಡೆಯಿತು, ಕರೆಂಟ್ ಬಿಲ್ ಬಂತು ಎನ್ನುತ್ತೇವೆ. ಒಂದೇ ಪದ ಸರಬರಾಜನ್ನೂ ಆಘಾತವನ್ನೂ ಬಳಸಿದ ಶಕ್ತಿಯನ್ನೂ ಸೂಚಿಸುತ್ತದೆ. ಭೌತವಿಜ್ಞಾನದ ವಿದ್ಯುತ್ ಪ್ರವಾಹ ಇವು ಮೂರೂ ಅಲ್ಲ.

ಪರದೆಯ ಮೇಲೆ 9 ವೋಲ್ಟ್ ಬ್ಯಾಟರಿಗೆ 10 ಓಮ್‌ನ ಒಂದು ಬಲ್ಬ್ ಜೋಡಿಸಿದರೆ ಅಮ್ಮೀಟರ್ 0.9 ಆಂಪೇರ್ ತೋರಿಸುತ್ತದೆ. ಅಂಥದೇ ಇನ್ನೊಂದನ್ನು ಸರಣಿಯಲ್ಲಿ ಸೇರಿಸಿದರೆ 0.45 ಆಂಪೇರ್. ಅಮ್ಮೀಟರನ್ನು ಮೊದಲ ಬಲ್ಬ್‌ಗೆ ಮುಂಚೆ, ಎರಡರ ನಡುವೆ, ಕೊನೆಯಲ್ಲಿ ಎಲ್ಲಿಟ್ಟರೂ ಅದೇ ಅಂಕಿ. ಎರಡು ಬಲ್ಬ್‌ಗಳೂ ಸಮನಾಗಿ ಬೆಳಗುತ್ತವೆ. ಪ್ರವಾಹ ಖರ್ಚಾಗುವುದಿಲ್ಲ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಇದನ್ನೇ ಮೇಜಿನ ಮೇಲೆ ಮಾಡಿದರೆ? ಎರಡು ಟಾರ್ಚ್ ಬಲ್ಬ್‌ಗಳು ನಿಖರವಾಗಿ ಒಂದೇ ತೆರನಾಗಿರುವುದಿಲ್ಲ. ಒಂದು ತುಸು ಹೆಚ್ಚು ಬೆಳಗುತ್ತದೆ. ದುರದೃಷ್ಟಕ್ಕೆ ಅದು ಸೆಲ್‌ಗೆ ಹತ್ತಿರದ್ದಾಗಿದ್ದರೆ ಮಗುವಿನ ತಪ್ಪು ಕಲ್ಪನೆಗೆ ಪುರಾವೆ ಸಿಕ್ಕಂತಾಗುತ್ತದೆ! ಹೋಲ್ಡರ್ ಸಡಿಲವಾಗಿರಬಹುದು, ತಂತಿಯ ತುದಿಗೆ ಕಿಲುಬು ಹಿಡಿದಿರಬಹುದು. ಮೊದಲ ಬಾರಿ ಕಲಿಯುವವನಿಗೆ ಇವುಗಳಲ್ಲಿ ಯಾವುದು ಮುಖ್ಯ, ಯಾವುದು ಅಡ್ಡಿ ಎಂದು ತಿಳಿಯುವುದಿಲ್ಲ.

ಕೊಲರಾಡೋದಲ್ಲೇ ನಡೆದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ನೋವಾ ಫಿಂಕೆಲ್‌ಸ್ಟೈನ್ ಮತ್ತು ಸಂಗಡಿಗರು ಪದವಿಯ ಆರಂಭದ ಭೌತವಿಜ್ಞಾನ ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ನಿಜವಾದ ಬಲ್ಬ್ ತಂತಿಗಳನ್ನೂ ಇನ್ನೊಂದು ಗುಂಪಿಗೆ ಈ ಸಿಮ್ಯುಲೇಷನ್ನನ್ನೂ ಕೊಟ್ಟರು. ಪರಿಕಲ್ಪನೆಯ ಪ್ರಶ್ನೆಗಳಲ್ಲಷ್ಟೇ ಅಲ್ಲ, ನಿಜವಾದ ಮಂಡಲವನ್ನು ಜೋಡಿಸಿ ವಿವರಿಸುವುದರಲ್ಲೂ ಸಿಮ್ಯುಲೇಷನ್ ಬಳಸಿದವರೇ ಮುಂದಿದ್ದರು. ಪರದೆಯ ಪರವಾಗಿ ವಾದಿಸುವವರು ಈ ಫಲಿತಾಂಶವನ್ನು ಉತ್ಸಾಹದಿಂದ ಎತ್ತಿ ಹೇಳುತ್ತಾರೆ. ಅದು ನ್ಯಾಯವೇ. ಆದರೆ ಅದರಲ್ಲಿನ ಒಂದು ಅಂಶ ಅವರ ಕಣ್ಣಿಗೆ ಬೀಳುವುದಿಲ್ಲ. ಕಲಿತದ್ದನ್ನು ಅಳೆಯಲು ಸಂಶೋಧಕರು ಕೊನೆಗೆ ಬಳಸಿದ್ದು ನಿಜವಾದ ತಂತಿ ಮತ್ತು ಬಲ್ಬ್‌ಗಳನ್ನೇ. ಪರದೆ ಅಲ್ಲಿ ಮೇಜಿಗೆ ಹೋಗುವ ದಾರಿಯಾಗಿತ್ತು, ಮೇಜನ್ನು ತೆಗೆದುಹಾಕಲು ಕಾರಣವಾಗಿರಲಿಲ್ಲ.

ಅದೇ ಮಂಡಲದಲ್ಲಿ ಮರೆಯಾಗುವುದು

ಈಗ ಇನ್ನೊಂದು ಮಗ್ಗುಲು ನೋಡೋಣ. ಪರದೆಯ ಮೇಲೆ ಎಲೆಕ್ಟ್ರಾನ್‌ಗಳು ಕಣ್ಣಿಗೆ ಕಾಣುವ ವೇಗದಲ್ಲಿ ಓಡುತ್ತವೆ. ನಿಜವಾದ ವೇಗವೆಷ್ಟು? 1 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ 1 ಆಂಪೇರ್ ಪ್ರವಾಹವಿದ್ದರೆ ಎಲೆಕ್ಟ್ರಾನ್‌ಗಳು ಸರಾಸರಿ ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್ ಮಾತ್ರ ಮುಂದೆ ಸರಿಯುತ್ತವೆ. ಒಂದು ಮೀಟರ್ ಸಾಗಲು ಅವಕ್ಕೆ ಮೂರೂವರೆ ಗಂಟೆಗೂ ಹೆಚ್ಚು ಕಾಲ ಬೇಕು. ಘನ ಮೀಟರಿಗೆ ಸುಮಾರು 8.5×10²⁸ ಮುಕ್ತ ಎಲೆಕ್ಟ್ರಾನ್‌ಗಳಿವೆ ಎಂದು ತೆಗೆದುಕೊಂಡರೆ ಪಿಯುಸಿ ವಿದ್ಯಾರ್ಥಿಯೇ ಈ ಲೆಕ್ಕ ಮಾಡಬಲ್ಲ. ಹಾಗಾದರೆ ಸ್ವಿಚ್ ಒತ್ತಿದ ಕೂಡಲೇ ದೀಪ ಹೊತ್ತಿಕೊಳ್ಳುವುದು ಹೇಗೆ? ವಿದ್ಯುತ್ ಕ್ಷೇತ್ರ ತಂತಿಯುದ್ದಕ್ಕೂ ಬಹುತೇಕ ತಕ್ಷಣ ಏರ್ಪಡುತ್ತದೆ, ಎಲ್ಲೆಡೆಯ ಎಲೆಕ್ಟ್ರಾನ್‌ಗಳೂ ಒಟ್ಟಿಗೇ ಸರಿಯತೊಡಗುತ್ತವೆ. ಇದನ್ನು ಶಿಕ್ಷಕರು ಬಾಯಿಬಿಟ್ಟು ಹೇಳದಿದ್ದರೆ, ಓಡುವ ಚುಕ್ಕೆಗಳನ್ನು ನೋಡಿದ ಮಗು ಬ್ಯಾಟರಿಯಿಂದ ಹೊರಟ ಎಲೆಕ್ಟ್ರಾನ್ ಓಡಿಹೋಗಿ ಬಲ್ಬ್ ಹೊತ್ತಿಸುತ್ತದೆ ಎಂದೇ ತಿಳಿಯುತ್ತದೆ.

ಎರಡನೆಯದು ಬಲ್ಬ್. ಪರದೆಯ ಸಾಮಾನ್ಯ ಬಲ್ಬ್‌ನ ರೋಧ ಬದಲಾಗುವುದೇ ಇಲ್ಲ. ವಿಭವಾಂತರ ಹೆಚ್ಚಿಸುತ್ತ ಹೋಗಿ ನಕ್ಷೆ ಬರೆದರೆ ಸರಳರೇಖೆ ಬರುತ್ತದೆ. ನಿಜವಾದ ಟಂಗ್‌ಸ್ಟನ್ ತಂತು ಬಿಳಿಗಾವಿಗೆ ಬಂದಾಗ ಅದರ ರೋಧ ತಣ್ಣಗಿದ್ದಾಗಿನದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚಾಗಿರುತ್ತದೆ. ನಕ್ಷೆ ಬಾಗುತ್ತದೆ. ಸಿಮ್ಯುಲೇಷನ್‌ನ 'ಪ್ರಯೋಗಾಲಯ' ಭಾಗದಲ್ಲಿ ನೈಜ ಬಲ್ಬ್ ಎಂಬ ಆಯ್ಕೆಯನ್ನೂ ಕೊಟ್ಟಿದ್ದಾರೆ. ಆದರೆ ಅದನ್ನು ಹುಡುಕಿ ತೆಗೆಯಬೇಕು. ತಾನಾಗಿ ಎದುರಿಗೆ ಬರುವುದು ಪಠ್ಯಪುಸ್ತಕದ ಬಲ್ಬ್, ಅಂಗಡಿಯ ಬಲ್ಬ್ ಅಲ್ಲ.

ಮೂರನೆಯದು ಬ್ಯಾಟರಿ. ಆರಂಭದಲ್ಲಿ ಅದರ ಆಂತರಿಕ ರೋಧ ಸೊನ್ನೆ ಇರುತ್ತದೆ. ಎಷ್ಟು ಬಲ್ಬ್‌ಗಳನ್ನು ಸಮಾಂತರವಾಗಿ ಜೋಡಿಸಿದರೂ ಬೆಳಕು ಕುಗ್ಗುವುದಿಲ್ಲ. ಹಳೆಯ ಟಾರ್ಚ್ ಸೆಲ್‌ನಲ್ಲಿ ಹೀಗೆ ಮಾಡಿದರೆ ಮೂರನೆಯ ಬಲ್ಬ್‌ಗೇ ಎಲ್ಲವೂ ಮಂಕಾಗುತ್ತವೆ. ಆಂತರಿಕ ರೋಧವನ್ನು ಹೆಚ್ಚಿಸುವ ಜಾರುಗುಂಡಿ ಸಿಮ್ಯುಲೇಷನ್‌ನಲ್ಲಿದೆ. ಮೇಜಿನ ಮೇಲೆ ಕಂಡದ್ದನ್ನು ಪರದೆಯ ಮೇಲೆ ತರಲು ಅದನ್ನು ಎಷ್ಟಕ್ಕೆ ಸರಿಸಬೇಕು ಎಂದು ಮಕ್ಕಳನ್ನೇ ಕೇಳಿದರೆ ಅದೊಂದು ಸೊಗಸಾದ ಪಾಠವಾಗುತ್ತದೆ.

ನಾಲ್ಕನೆಯದು ಸುರಕ್ಷತೆ. ಮಂಡಲದಲ್ಲಿ ಜೋಡಿಸಲು ನಾಣ್ಯ, ಪೆನ್ಸಿಲ್, ಡಾಲರ್ ನೋಟುಗಳ ಜೊತೆಗೆ ಒಂದು ಕೈಯನ್ನೂ ನಾಯಿಯನ್ನೂ ಕೊಟ್ಟಿದ್ದಾರೆ. ಅವಾಹಕ, ವಾಹಕಗಳ ವ್ಯತ್ಯಾಸ ತೋರಿಸುವ ಈ ವಿನೋದ ಮಕ್ಕಳಿಗೆ ಇಷ್ಟವಾಗುತ್ತದೆ. ಆದರೆ ಪರದೆಯ ಮೇಲಿನ ಕೈಗೆ ನೋವಾಗುವುದಿಲ್ಲ. ಮನೆಯ 230 ವೋಲ್ಟ್‌ನ ಪ್ಲಗ್ಗಿನ ವಿಷಯವನ್ನು ಶಿಕ್ಷಕರು ಆ ಕ್ಷಣದಲ್ಲೇ ಎತ್ತಬೇಕು.

ಲೋಲಕ: ಎರಡೂ ಬೇಕಾಗುವ ಕಡೆ

ಲೋಲಕದ ಸಿಮ್ಯುಲೇಷನ್ ಒಂದು ವಿಷಯದಲ್ಲಿ ನಮ್ಮ ಪಾಠಕ್ಕಿಂತ ಮುಂದಿದೆ. ಆವರ್ತಕಾಲ ಪಾರವನ್ನು ಅವಲಂಬಿಸುವುದಿಲ್ಲ ಎಂದು ನಾವು ಹೇಳಿಕೊಡುತ್ತೇವೆ. 'ಪಾರ ಚಿಕ್ಕದಾಗಿದ್ದರೆ' ಎಂಬ ಷರತ್ತು ಎಷ್ಟೋ ಸಲ ಬಾಯಲ್ಲೇ ಉಳಿದುಹೋಗುತ್ತದೆ. ಪರದೆಯ ಮೇಲೆ 1 ಮೀಟರ್ ಉದ್ದದ ಲೋಲಕವನ್ನು 5 ಡಿಗ್ರಿಯಿಂದ ಬಿಟ್ಟರೆ ಆವರ್ತಕಾಲ ಸುಮಾರು 2.01 ಸೆಕೆಂಡ್. 60 ಡಿಗ್ರಿಯಿಂದ ಬಿಟ್ಟರೆ ಸುಮಾರು 2.15 ಸೆಕೆಂಡ್, ಅಂದರೆ ಶೇಕಡಾ 7ರಷ್ಟು ಹೆಚ್ಚು. ಗುಂಡಿನ ದ್ರವ್ಯರಾಶಿ ಬದಲಿಸಿದರೆ ವ್ಯತ್ಯಾಸವಿಲ್ಲ. ಚಂದ್ರನಿಗೋ ಗುರುವಿಗೋ ಒಯ್ದರೆ ವ್ಯತ್ಯಾಸವಿದೆ. ಚಂದ್ರನ ಮೇಲಿನ ಪ್ರಯೋಗವನ್ನು ಯಾವ ಶಾಲೆಯೂ ಮಾಡಲಾರದು. ಇದು ಪರದೆಗೆ ಸಲ್ಲುವ ಕೆಲಸ.

ಇನ್ನು ದಾರಕ್ಕೆ ಕಲ್ಲು ಕಟ್ಟಿ ಬಾಗಿಲಿನ ಚೌಕಟ್ಟಿಗೆ ತೂಗುಹಾಕೋಣ. ಮೊದಲ ಪ್ರಶ್ನೆಯೇ ಪರದೆಯಲ್ಲಿ ಇಲ್ಲದ್ದು: ಉದ್ದವನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕು? ಗಂಟಿನವರೆಗೋ, ಕಲ್ಲಿನ ನಡುವಿನವರೆಗೋ? ಎರಡನೆಯದು, ಒಂದೇ ಆಂದೋಲನವನ್ನು ಏಕೆ ಅಳೆಯಬಾರದು? ಗಡಿಯಾರದ ಗುಂಡಿ ಒತ್ತುವುದರಲ್ಲಿ 0.2 ಸೆಕೆಂಡ್ ಹೆಚ್ಚುಕಮ್ಮಿಯಾದರೆ 2 ಸೆಕೆಂಡಿನಲ್ಲಿ ಅದು ಶೇಕಡಾ 10. 20 ಆಂದೋಲನಗಳಿಗೆ ತಗಲುವ 40 ಸೆಕೆಂಡಿನಲ್ಲಿ ಕೇವಲ ಶೇಕಡಾ 0.5. ಮೂರನೆಯದು, ಐದು ಮಂದಿ ಅಳೆದರೆ ಐದು ಉತ್ತರ ಬರುತ್ತದೆ. ಅವುಗಳಲ್ಲಿ 'ಸರಿ' ಯಾವುದು?

30 ಡಿಗ್ರಿಯಿಂದ ಬಿಟ್ಟಾಗ ಆವರ್ತಕಾಲ ಶೇಕಡಾ 1.7ರಷ್ಟು ಹೆಚ್ಚಬೇಕು. 20 ಆಂದೋಲನಗಳಲ್ಲಿ ಅದು ಸುಮಾರು 0.7 ಸೆಕೆಂಡ್. ಜಾಗರೂಕತೆಯಿಂದ ಅಳೆದರೆ ಕೈಗೆ ಸಿಗುವಷ್ಟು ದೊಡ್ಡದು, ಅಜಾಗರೂಕರಾದರೆ ತಪ್ಪಿಹೋಗುವಷ್ಟು ಚಿಕ್ಕದು. ಅದರ ಮೇಲೆ ಗಾಳಿಯ ತಡೆಯಿಂದ ಪಾರ ಕುಗ್ಗುತ್ತ ಹೋಗುವುದರಿಂದ ಕಾಣುವ ವ್ಯತ್ಯಾಸ ಇನ್ನಷ್ಟು ಕಡಿಮೆ. ಮಾಪನ ಎಂದರೇನು, ದೋಷ ಎಂದರೇನು ಎಂಬುದು ಅರ್ಥವಾಗುವುದು ಇಲ್ಲಿ. ಪರದೆಯ ಮೇಲೆ ಘರ್ಷಣೆಯನ್ನು ಸೊನ್ನೆ ಮಾಡಿ ಆವರ್ತಕಾಲದ ಮಾಪಕವನ್ನು ಒತ್ತಿದರೆ ಶುದ್ಧವಾದ ಅಂಕಿ ಬರುತ್ತದೆ. ಅದು ಸಮೀಕರಣದ ಉತ್ತರ, ನಿಸರ್ಗದ ಉತ್ತರವಲ್ಲ. ಸಮೀಕರಣ ಸರಿಯೇ ಎಂದು ಅದೇ ಸಮೀಕರಣದಿಂದ ಮಾಡಿದ ಸಿಮ್ಯುಲೇಷನ್‌ನಲ್ಲಿ ಪರೀಕ್ಷಿಸಲು ಬಾರದು. ಈ ಒಂದು ಮಾತನ್ನು ವಿದ್ಯಾರ್ಥಿ ಮನಗಂಡರೆ ವಿಜ್ಞಾನದ ಅರ್ಧ ಪಾಠ ಆದಂತೆ.

ಸ್ಕೇಟಿಂಗ್ ಇಳಿಜಾರು ಮತ್ತು ಬಾಣಲೆಯ ಗೋಲಿ

ಶಕ್ತಿಯ ಸಂರಕ್ಷಣೆಗಾಗಿ ಫೆಟ್ ಆಯ್ದುಕೊಂಡದ್ದು ಸ್ಕೇಟಿಂಗ್ ಮೈದಾನ. ಚಕ್ರದ ಹಲಗೆಯ ಮೇಲೆ ನಿಂತವರು ಬಾಗಿದ ಹಾದಿಯಲ್ಲಿ ಇಳಿದು ಏರುತ್ತಾರೆ. ಚಲನಶಕ್ತಿ, ಪ್ರಚ್ಛನ್ನಶಕ್ತಿ, ಉಷ್ಣಶಕ್ತಿಗಳ ಕಂಬಗಳು ಪಕ್ಕದಲ್ಲೇ ಏರಿಳಿಯುತ್ತವೆ. ಒಟ್ಟು ಕಂಬ ಅಲುಗುವುದಿಲ್ಲ. ಪರಿಕಲ್ಪನೆಯ ದೃಷ್ಟಿಯಿಂದ ನಿರ್ದುಷ್ಟವಾದ ಪ್ರದರ್ಶನ. ಆದರೆ ನಮ್ಮ ಹಳ್ಳಿಯ ಮಗು ಅಂಥ ಮೈದಾನವನ್ನು ಕಂಡಿಲ್ಲ. ಕಾಣದ ವಸ್ತುವಿನ ಮೂಲಕ ತಿಳಿಯದ ತತ್ವವನ್ನು ಹೇಳುವುದು ಒಳ್ಳೆಯ ಬೋಧನಾ ಕ್ರಮವಲ್ಲ.

ಪರಿಹಾರ ಅಡುಗೆಮನೆಯಲ್ಲಿದೆ. ಒಂದು ಬಾಣಲೆಯ ಅಂಚಿನಿಂದ ಗೋಲಿಯನ್ನು ಬಿಡಿ. ಅದು ಎದುರು ಬದಿಗೆ ಏರುತ್ತದೆ, ಆದರೆ ಹೊರಟ ಎತ್ತರಕ್ಕೆ ಪೂರ್ತಿ ಮುಟ್ಟುವುದಿಲ್ಲ. ಪ್ರತಿ ಸಲವೂ ಕಡಿಮೆಯಾಗಿ ಕೊನೆಗೆ ತಳದಲ್ಲಿ ನಿಲ್ಲುತ್ತದೆ. ಹೋದ ಶಕ್ತಿ ಎಲ್ಲಿಗೆ ಹೋಯಿತು? ಈ ಪ್ರಶ್ನೆ ಹುಟ್ಟಿದ ಮೇಲೆ ಪರದೆಯ ಉಷ್ಣಶಕ್ತಿಯ ಕಂಬಕ್ಕೆ ಅರ್ಥ ಬರುತ್ತದೆ. ಪಿಯುಸಿ ವಿದ್ಯಾರ್ಥಿಗಳಿಗೆ ಇನ್ನೂ ಒಂದು ಮಾತು ಹೇಳಬಹುದು. ಜಾರದೆ ಉರುಳುವ ಗೋಲಿಯ ಚಲನಶಕ್ತಿಯಲ್ಲಿ ಏಳರಲ್ಲಿ ಎರಡು ಭಾಗ ಅದರ ಆವರ್ತನೆಯದು. ಪರದೆಯ ಸ್ಕೇಟರ್‌ಗೆ ಈ ಲೆಕ್ಕವಿಲ್ಲ.

ಭಾಷೆಯ ಬಗ್ಗೆಯೂ ಇಲ್ಲೇ ಹೇಳಬೇಕು. ಫೆಟ್‌ನ ಹಲವು ಸಿಮ್ಯುಲೇಷನ್‌ಗಳು ಕನ್ನಡದಲ್ಲಿ ದೊರೆಯುತ್ತವೆ. ನೋಂದಾಯಿಸಿಕೊಂಡ ಸ್ವಯಂಸೇವಕರು ಯಾವ ಭಾಷೆಗಾದರೂ ಅನುವಾದ ಮಾಡಲು ಅದರಲ್ಲಿ ಅವಕಾಶವಿದೆ. ಇದು ಸಂತೋಷದ ಸಂಗತಿ. ಅನುವಾದದಲ್ಲಿ ಪಠ್ಯಪುಸ್ತಕದ ಪದಗಳನ್ನೇ ಬಳಸುವುದು ಮುಖ್ಯ. ಪುಸ್ತಕದಲ್ಲಿ ವಿಭವಾಂತರ ಎಂದು ಓದಿದ ಮಗು ಪರದೆಯಲ್ಲಿ ಬೇರೊಂದು ಪದ ಕಂಡರೆ ಎರಡು ಬೇರೆ ಬೇರೆ ರಾಶಿಗಳೆಂದು ತಿಳಿದೀತು. ಈ ಕೆಲಸಕ್ಕೆ ಕನ್ನಡ ಮಾಧ್ಯಮದ ಶಿಕ್ಷಕರಿಗಿಂತ ಅರ್ಹರು ಇನ್ಯಾರು?

ಹೋಲಿಕೆಗೆ ಇನ್ನೆರಡು ತಾಣಗಳು

ನಮ್ಮ ದೇಶದಲ್ಲೇ ಸಿದ್ಧವಾದ 'ಓಲ್ಯಾಬ್ಸ್' ಅನ್ನು ಅಮೃತ ವಿಶ್ವ ವಿದ್ಯಾಪೀಠ ಮತ್ತು ಮುಂಬೈನ ಸಿ-ಡ್ಯಾಕ್ ರೂಪಿಸಿವೆ. 9ರಿಂದ 12ನೆಯ ತರಗತಿಯವರೆಗಿನ ಪ್ರಯೋಗಗಳು, ಪ್ರತಿಯೊಂದಕ್ಕೂ ಸಿದ್ಧಾಂತ, ವಿಧಾನ, ಅನಿಮೇಷನ್, ಸಿಮ್ಯುಲೇಷನ್, ವಿಡಿಯೋ ಮತ್ತು ಮೌಖಿಕ ಪ್ರಶ್ನೆಗಳು ಅಲ್ಲಿವೆ. ಪಠ್ಯಕ್ರಮಕ್ಕೆ ಹತ್ತಿರವಿರುವುದು ಇದರ ಬಲ. ಪ್ರಾಯೋಗಿಕ ತರಗತಿಯ ಹಿಂದಿನ ದಿನ ವಿದ್ಯಾರ್ಥಿ ನೋಡಿಬಂದರೆ ಸಮಯ ಉಳಿಯುತ್ತದೆ. ಆದರೆ ಹಾದಿ ಮೊದಲೇ ನಿಗದಿಯಾಗಿದೆ. ವಿಧಾನ ಓದು, ಗುಂಡಿ ಒತ್ತು, ಅಂಕಿ ಬರೆ. ಫೆಟ್‌ನಂತೆ ದಾರಿ ತಪ್ಪಿ ಏನನ್ನಾದರೂ ಕಂಡುಕೊಳ್ಳುವ ಅವಕಾಶ ಕಡಿಮೆ.

ಇದಕ್ಕೆ ತೀರ ಭಿನ್ನವಾದದ್ದು ಅರವಿಂದ ಗುಪ್ತ ಅವರ ಜಾಲತಾಣ. ಕಾನ್ಪುರದ ಐಐಟಿಯಲ್ಲಿ ಓದಿ, ಪುಣೆಯ ಐಯುಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ವರ್ಷಗಟ್ಟಲೆ ದುಡಿದ ಇವರಿಗೆ 2018ರಲ್ಲಿ ಪದ್ಮಶ್ರೀ ಬಂದಿತು. ಕಸದಿಂದ ಆಟಿಕೆ, ಆಟಿಕೆಯಿಂದ ವಿಜ್ಞಾನ ಎಂಬುದು ಅವರ ಕ್ರಮ. ಅವರು ಜನಪ್ರಿಯಗೊಳಿಸಿದ ಸರಳ ಮೋಟಾರನ್ನೇ ನೋಡಿ. ಒಂದು ಸೆಲ್, ಎರಡು ಸೇಫ್ಟಿ ಪಿನ್, ಒಂದು ರಬ್ಬರ್ ಬ್ಯಾಂಡ್, ಒಂದು ಅಯಸ್ಕಾಂತ, ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಗುವ ಎನಾಮಲ್ ಲೇಪದ ತಾಮ್ರದ ತಂತಿಯ ಸುರುಳಿ. ಸುರುಳಿಯ ಒಂದು ತುದಿಯ ಲೇಪವನ್ನು ಪೂರ್ತಿ ಕೆರೆಯಬೇಕು, ಇನ್ನೊಂದು ತುದಿಯದನ್ನು ಅರ್ಧ ಸುತ್ತು ಮಾತ್ರ. ಎರಡನ್ನೂ ಪೂರ್ತಿ ಕೆರೆದರೆ ಸುರುಳಿ ಸಾಮಾನ್ಯವಾಗಿ ಅಲ್ಲೇ ಅಲುಗಾಡಿ ನಿಲ್ಲುತ್ತದೆ, ಏಕೆಂದರೆ ಅರ್ಧ ಸುತ್ತಿನ ನಂತರ ಬಲದ ದಿಕ್ಕು ತಿರುವುಮುರುವಾಗುತ್ತದೆ. ಆ ಅರ್ಧದಲ್ಲಿ ಪ್ರವಾಹ ಕಡಿದುಹೋದರೆ ಜಡತ್ವವೇ ಸುರುಳಿಯನ್ನು ಮುಂದೆ ಒಯ್ಯುತ್ತದೆ. ದಿಕ್ಪರಿವರ್ತಕದ ತತ್ವ ಬ್ಲೇಡಿನ ತುದಿಯಲ್ಲಿ ಅರ್ಥವಾಗುತ್ತದೆ. ಇಲ್ಲಿ ಅಂತರಜಾಲದ ಕೆಲಸ ದಾರಿ ತೋರಿಸುವುದಷ್ಟೇ. ಪ್ರಯೋಗ ನಡೆಯುವುದು ಕೈಯಲ್ಲಿ.

ತರಗತಿಯಲ್ಲಿ ಬಳಸುವ ಬಗೆ

ಈ ಪರಿಶೀಲನೆಯಿಂದ ಶಿಕ್ಷಕರು ಯಾವ ಸಾಮಗ್ರಿಗೂ ಅನ್ವಯಿಸಬಹುದಾದ ಎರಡು ಪ್ರಶ್ನೆಗಳು ಹೊರಡುತ್ತವೆ. ಮೇಜಿನ ಮೇಲೆ ತೋರಿಸಲಾಗದ ಏನನ್ನು ಇದು ತೋರಿಸುತ್ತದೆ? ಮೇಜಿನ ಮೇಲೆ ಕಾಣುವ ಏನನ್ನು ಇದು ಮರೆಮಾಡುತ್ತದೆ? ಮೊದಲನೆಯದಕ್ಕೆ ಉತ್ತರವಿಲ್ಲದಿದ್ದರೆ ಅದನ್ನು ಬಳಸುವ ಅಗತ್ಯವಿಲ್ಲ. ಎರಡನೆಯದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಬಳಸುವ ಮುನ್ನ ಒಂದು ಸಂಜೆ ತಾವೇ ಅದರೊಂದಿಗೆ ಕಳೆಯಬೇಕು.

ಬಳಸುವ ಕ್ರಮ ಸರಳ. ಮೊದಲು ಪ್ರಶ್ನೆ ಕೇಳಿ, ಪ್ರತಿಯೊಬ್ಬರಿಂದಲೂ ಉತ್ತರವನ್ನು ಬರೆಸಿ. ನಂತರ ಪರದೆಯ ಮೇಲೆ ನಡೆಸಿ ತೋರಿಸಿ. ಸಾಧ್ಯವಾದರೆ ಮೌಸನ್ನು ಮಗುವಿನ ಕೈಗೇ ಕೊಡಿ. ಆಮೇಲೆ ಎರಡು ಸೆಲ್, ಎರಡು ಬಲ್ಬ್, ಒಂದಿಷ್ಟು ವೈರ್ ಕೊಟ್ಟು ಮೇಜಿನ ಮೇಲೆ ಮಾಡಿಸಿ. ಎಲ್‌ಇಡಿ ಬಂದ ಮೇಲೆ ತಂತುವಿನ ಟಾರ್ಚ್ ಬಲ್ಬ್‌ಗಳು ಹಳ್ಳಿಯ ಅಂಗಡಿಗಳಲ್ಲಿ ಅಪರೂಪವಾಗಿವೆ. ಪ್ರಯೋಗಾಲಯದ ಸಾಮಾನು ಮಾರುವಲ್ಲಿ ಒಂದು ಡಜನ್ ಕೊಂಡಿಟ್ಟರೆ ಕೆಲವು ವರ್ಷಗಳಿಗೆ ಸಾಕು. ಕೊನೆಗೆ ಕೇಳಿ: ಎರಡೂ ಕಡೆ ಕಂಡದ್ದು ಒಂದೇ ತೆರನಾಗಿತ್ತೇ? ಇಲ್ಲದಿದ್ದರೆ ಏಕೆ?

ಈ ಕೊನೆಯ ಪ್ರಶ್ನೆಯಲ್ಲೇ ಪರದೆಯ ನಿಜವಾದ ಬೆಲೆ ಇದೆ. ಮೇಜಿನ ಫಲಿತಾಂಶ ಪರದೆಯದಕ್ಕಿಂತ ಭಿನ್ನವಾದಾಗ 'ಪ್ರಯೋಗ ತಪ್ಪಾಯಿತು' ಎನ್ನುವ ಬದಲು 'ಮಾದರಿಯಲ್ಲಿ ಏನನ್ನು ಬಿಟ್ಟಿದ್ದಾರೆ?' ಎಂದು ವಿದ್ಯಾರ್ಥಿ ಕೇಳುವಂತಾಗಬೇಕು. ಭೌತವಿಜ್ಞಾನ ಬೆಳೆದದ್ದೇ ಈ ಪ್ರಶ್ನೆಯಿಂದ. ಪರದೆ ಒಂದನ್ನೇ ಕಂಡ ಮಗುವಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಆದ್ದರಿಂದ ಪ್ರೊಜೆಕ್ಟರ್‌ನ ಸ್ವಿಚ್ ಹಾಕುವ ದಿನ ಕಪಾಟಿನ ಬೀಗವನ್ನೂ ತೆಗೆಯೋಣ.